ತೊರೆಹುಂಡಿಯ ಹಗೇವಿನಲ್ಲಿ ಒಂಬತ್ತು ಟೀವಿ

ತೊರೆಹುಂಡಿಯ ಲಿಂಗರಾಜು ಸತ್ತದ್ದು ತೊಂಬತ್ತೆಂಟನೇ ಇಸವಿಯ ಶ್ರಾವಣದಲ್ಲಿ, ಒಂದು ಗುರುವಾರ ಸಂಜೆ, ಬೆಂಗಳೂರಿನ ಸರ್ಕಾರಿ ಟೀವಿಯಲ್ಲಿ. ಟೀವಿ ಇದ್ದ ಊರೆಲ್ಲ ನೋಡಿತು. ನೋಡದೆ ಉಳಿದದ್ದು ತೊರೆಹುಂಡಿ ಒಂದೇ. ಯಾಕೆಂದರೆ ಆ ಊರಿನ ಒಂಬತ್ತು ಟೀವಿಗಳನ್ನೂ ಅಷ್ಟು ಹೊತ್ತಿಗೆ ಮಣ್ಣಿನೊಳಗೆ ಹೂತಾಗಿತ್ತು. ಹೂಳಿಸಿದವನು ಇದೇ ಲಿಂಗರಾಜು. ಇಂಥವನಿಗೆ ಏನನ್ನಬೇಕೋ ನೀವೇ ಅಂದುಕೊಳ್ಳಿ. ನನ್ನ ಬಾಯಿಗೆ ಬಂದದ್ದನ್ನು ಬರೆದರೆ ಅಚ್ಚು ಮಾಡುವವರು ಒಪ್ಪುವುದಿಲ್ಲ.

ಅಂತರಸಂತೆಯಿಂದ ಮೂರು ಮೈಲಿ ಒಳಗಿರುವ ಈ ಊರಿನಲ್ಲಿ ಲಿಂಗರಾಜು ಒಂದು ಸಲ ಪಂಚಾಯ್ತಿ ಮೆಂಬರಾಗಿದ್ದ. ಎರಡನೇ ಸಲ ಎರಡೇ ಓಟಿನಲ್ಲಿ ಸೋತ. ಆ ಎರಡು ಓಟು ತನ್ನ ಮನೆಯೊಳಗೇ ತಪ್ಪಿಹೋದವು ಎಂಬ ಅನುಮಾನ ಅವನಿಗಿತ್ತು. ಹೆಂಡತಿ ಪ್ರಮೀಳಾ ಅದನ್ನು ಯಾವತ್ತೂ ಅಲ್ಲಗಳೆಯಲಿಲ್ಲ. ಸೋತರೂ ಜನ 'ಮೆಂಬ್ರೇ' ಎಂದು ಕರೆಯುವುದನ್ನು ಬಿಡಲಿಲ್ಲ, ಅವನೂ ಬಿಡಿಸಲಿಲ್ಲ.

ಮೆಂಬರಿಕೆ ಹೋದ ಮೇಲೆ ಅವನಿಗೆ ಉಳಿದ ದೊಡ್ಡಸ್ತಿಕೆ ಎಂದರೆ ಟೀವಿಗೆ ಕಾಗದ ಬರೆಯುವುದು. ಗುರುವಾರ ಸಂಜೆ ನೋಡುಗರ ಕಾಗದಗಳನ್ನು ಓದುವ ಒಂದು ಕಾರ್ಯಕ್ರಮ ಬರುತ್ತಿತ್ತು. ಅದಕ್ಕೆ ವಾರಕ್ಕೊಂದು ಪೋಸ್ಟ್ ಕಾರ್ಡು ತಪ್ಪದೆ ಹೋಗುತ್ತಿತ್ತು: 'ಇಂತಿ, ಲಿಂಗರಾಜು, ಮಾಜಿ ಸದಸ್ಯರು, ತೊರೆಹುಂಡಿ.' ರುಜು ಅವನದು. ಒಳಗಿನ ಮಾತೆಲ್ಲ ಅವನ ಅವ್ವ ಚಿಕ್ಕಮಾದಮ್ಮನದು.

ಚಿಕ್ಕಮಾದಮ್ಮ ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದಳು. ಮಂಚದ ಎದುರು ಗೋಡೆಯ ಗೂಡಿನಲ್ಲಿ ಕಪ್ಪು ಬಿಳುಪಿನ ಟೀವಿ. ಶುರುವಾಗುವ ರಾಗದಿಂದ ಮುಗಿಯುವ ರಾಗದವರೆಗೆ ಮುದುಕಿ ಎಲ್ಲವನ್ನೂ ನೋಡುತ್ತಿದ್ದಳು; ಹಿಂದಿಯನ್ನೂ ಬಿಡುತ್ತಿರಲಿಲ್ಲ. ಆದರೆ ಅವಳ ಜೀವ ಇದ್ದದ್ದು ಸಂಜೆ ವಾರ್ತೆ ಓದುವ ಹೆಣ್ಣುಮಗಳಲ್ಲಿ. ಆಕೆ ಕೊನೆಗೆ ಕೈಮುಗಿದು ನಮಸ್ಕಾರ ಎಂದರೆ ಇವಳೂ ಕೈಮುಗಿದು, "ಓಗ್ಬಾ ಕಣವ್ವ, ಉಂಡು ಮನಿಕೊ" ಎನ್ನುವಳು. ಆಮೇಲೆಯೇ ತಾನು ಉಣ್ಣುವಳು. ಆಕೆ ಹೋಗುವ ಮೊದಲು ತಟ್ಟೆ ಇಟ್ಟರೆ, "ಎದುರಿಗೆ ಆ ಮಗ ಉಪಾಸ ಕುಂತದೆ, ನಾನು ಉಣ್ಲಾ?" ಎಂದು ಸೊಸೆಯನ್ನು ಗದರುವಳು.

ಟೀವಿಯಲ್ಲಿ ಗೆರೆ ಬಂದರೆ ಲಿಂಗರಾಜು ಹೆಂಚಿನ ಮೇಲೆ ಹತ್ತಿ ಆಂಟೆನಾದ ಬಿದಿರನ್ನು ತಿರುಗಿಸಬೇಕು.

"ಬಂತಾ ಅವ್ವಾ?"

"ಇಲ್ಲ ಕಣ್ಲಾ."

"ಈಗ?"

"ಇನ್ನೊಸಿ ತಿರುಗ್ಸು... ಬಂತು ಬುಡು."

ಈ ಮಾತು ಬೀದಿಗೆಲ್ಲ ಕೇಳಿಸುತ್ತಿತ್ತು. ಬೇರೆ ಯಾರು ಹತ್ತಿ ತಿರುಗಿಸಿದರೂ ಮುದುಕಿಗೆ 'ಬರುತ್ತಿರಲಿಲ್ಲ'. ಮಗನೇ ಹತ್ತಬೇಕು.

ಈಗ ಹೂತದ್ದು ಯಾಕೆ ಎಂಬುದಕ್ಕೆ ಬರೋಣ. ಎರಡು ವರ್ಷದ ಹಿಂದೆ ಯಾರೋ ಒಬ್ಬ ಹುಡುಗ ಫಾರಂ ಹಿಡಿದು ಮನೆಮನೆಗೆ ಬಂದಿದ್ದ. ಸೈಕಲ್ ಇದೆಯೇ, ರೇಡಿಯೋ ಇದೆಯೇ ಎಂದು ಕೇಳಿದ. ಲಿಂಗರಾಜು ಮುಂದೆ ನಿಂತು, "ನಮ್ಮೂರನ್ನ ಏನಂತ ತಿಳ್ಕೊಂಡ್ರಿ? ಎಲ್ಲಾ ಐತೆ ಬರ್ಕೊಳ್ರಿ" ಎಂದು ಇಲ್ಲದ ಸ್ಕೂಟರನ್ನೂ ಬರೆಸಿದ. ಆ ವರ್ಷವೇ ಹನ್ನೊಂದು ಮನೆಯ ಹಸಿರು ಕಾರ್ಡು ರದ್ದಾಗಿ ಅಗ್ಗದ ಅಕ್ಕಿ ನಿಂತಿತು. ಆ ಹುಡುಗನಿಗೂ ಕಾರ್ಡಿಗೂ ಸಂಬಂಧ ಇತ್ತೋ ಇಲ್ಲವೋ ಯಾರೂ ವಿಚಾರಿಸಲಿಲ್ಲ. ಊರು ಮಾತ್ರ ಒಂದು ತೀರ್ಮಾನಕ್ಕೆ ಬಂತು: ಫಾರಂ ಹಿಡಿದು ಬಂದವರೆಲ್ಲ ಕಾರ್ಡು ಕೀಳುವುದಕ್ಕೇ ಬರುವುದು. ಎರಡು ವರ್ಷ ಎದುರಿಗೆ ಸಿಕ್ಕವರೆಲ್ಲ, "ಮೆಂಬ್ರೇ, ಸ್ಕೂಟರ್ ಎಲ್ ನಿಲ್ಸಿದ್ದೀರಿ?" ಎಂದು ಕೇಳಿ ಕೇಳಿ ಅವನ ಪ್ರಾಣ ತೆಗೆದರು.

ಹೀಗಿರುವಾಗ ಪಂಚಾಯ್ತಿ ಸೆಕ್ರೆಟರಿ ಮಹೇಶ್‌ಕುಮಾರ್ ಭಾನುವಾರ ಬೈಕಿನಲ್ಲಿ ಬಂದು, ಇಳಿಯದೆಯೇ ಹೇಳಿದ. "ನಾಳೆ ಹತ್ತು ಗಂಟೆ ಬಸ್ಸಿಗೆ ಮೈಸೂರು ಕಾಲೇಜಿಂದ ಒಂದು ಹುಡುಗಿ ಬರ್ತಾಳೆ. ಸರ್ಕಾರಿ ಟೀವಿ ಕಡೆಯಿಂದ. ಪ್ರಾಜೆಕ್ಟಂತೆ. ಮೂರು ವಾರ ಇದ್ದು ಯಾರ ಮನೇಲಿ ಟೀವಿ ಇದೆ, ಏನು ನೋಡ್ತಾರೆ ಅಂತ ಬರ್ಕೊಳ್ತಾಳೆ. ಉಳ್ಕೊಳಕ್ಕೆ ಒಂದು ಮನೆ ನೋಡಿ." ಹೇಳಿದವನು ಹೊರಟೇ ಹೋದ. ಬೆಂಕಿ ಹಚ್ಚಿದವನು ನಿಂತು ನೋಡುವ ಪದ್ಧತಿ ನಮ್ಮ ಕಚೇರಿಗಳಲ್ಲಿ ಇಲ್ಲ.

ರೇಷನ್ ಅಂಗಡಿಯ ಜಗಲಿಯಲ್ಲಿ ಊರು ಸೇರಿತು. ಹೋದ ತಿಂಗಳಷ್ಟೇ ಕಲರ್ ಟೀವಿ ತಂದಿದ್ದ ಗುರುಸ್ವಾಮಿ ನೇರವಾಗಿ ಲಿಂಗರಾಜುವಿನ ಮುಂದೆ ನಿಂತ.

"ಲೋ ಮೆಂಬ್ರೇ, ಓದ್ಸಲ ನೀನು ಬಾಯ್ ಬುಟ್ಟೆ, ನಮ್ ಅಕ್ಕಿ ಓಯ್ತು. ಈಗ ಉಳ್ದಿರೋ ಕಾರ್ಡೂ ಓದ್ರೆ ಏನ್ಲಾ ಮಾಡೀಯೆ?"

ಇಷ್ಟು ಜನ ತನ್ನ ಮಾತಿಗೆ ಕಾದು ಕೂತದ್ದು ಸೋತ ಮೇಲೆ ಇದೇ ಮೊದಲು. ಲಿಂಗರಾಜು ಎದ್ದು ನಿಂತ. "ಟೀವಿ ಇದ್ರೆ ತಾನೆ ಬರ್ಕೊಳದು? ಒಂದೂ ಕಾಣ್ಬಾರ್ದು. ನಮ್ಮ ಹಗೇವು ಹನ್ನೆರಡು ವರ್ಸದಿಂದ ಖಾಲಿ ಬಿದ್ದೈತೆ. ಎಲ್ಲಾ ತಂದು ಅದ್ರೊಳಿಕ್ಕೆ ಇಳ್ಸಿ."

ಹಗೇವು ಎಂದರೆ ರಾಗಿ ತುಂಬಿಡಲು ನೆಲದಾಳಕ್ಕೆ ತೋಡಿದ ಗುಳಿ. ಬಾಯಿ ಒಬ್ಬ ಆಳು ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಮೇಲೆ ನಡೆದು ಹೋದವನಿಗೂ ಗೊತ್ತಾಗುವುದಿಲ್ಲ. ಆದರೆ ಮುಚ್ಚಿದ ಹಗೇವನ್ನು ತೆಗೆದ ಕೂಡಲೇ ಇಳಿಯುವಂತಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ. ಮೊದಲು ಲಾಟೀನು ಇಳಿಸಬೇಕು. ದೀಪ ಆರಿದರೆ ಆಳೂ ಆರಿದ ಎಂದೇ ಲೆಕ್ಕ.

ಸೋಮವಾರ ಬೆಳಿಗ್ಗೆ ಏಳಕ್ಕೆ ಚಪ್ಪಡಿ ತೆಗೆದರು. ಎರಡು ತಾಸು ಗಾಳಿಗೆ ಬಿಟ್ಟು, ದೀಪ ನಿಂತ ಮೇಲೆ ಗುರುಸ್ವಾಮಿ ಇಳಿದ. ಟೀವಿಗಳಿಗೆ ಕೌದಿ ಸುತ್ತಿ, ಗೋಣಿ ಕಟ್ಟಿ, ಹಗ್ಗದಲ್ಲಿ ಒಂದೊಂದಾಗಿ ಬಿಟ್ಟರು. ಹೆಂಗಸರು ಸೆರಗು ಬಾಯಿಗೆ ಹಿಡಿದು ಸುತ್ತ ನಿಂತಿದ್ದರು. ಗುರುಸ್ವಾಮಿಯ ಹೆಂಡತಿಯಂತೂ ಕಲರ್ ಟೀವಿ ಇಳಿಯುವಾಗ ಅತ್ತೇಬಿಟ್ಟಳು. ಯಾರೋ ಅಭ್ಯಾಸಬಲದಿಂದ ಒಂದು ಹಿಡಿ ಮಣ್ಣು ಹಾಕಿದರು. ಅವರನ್ನು ಬೈದು ಹಿಂದಕ್ಕೆ ಕಳಿಸಿದರು.

ಒಂಬತ್ತನೆಯದು ಲಿಂಗರಾಜುವಿನ ಮನೆಯದು.

"ಅದ್ಯಾಕ್ಲಾ ಎತ್ಕೊಂಡ್ ಓಯ್ತಿದೀಯೆ?" ಚಿಕ್ಕಮಾದಮ್ಮ ಮಂಚದಿಂದ ಕೇಳಿದಳು.

"ರಿಪೇರಿಗೆ ಕಣವ್ವ. ಕೋಟೆ ಟೌನ್ ಅಂಗ್ಡೀಲಿ ಕೊಟ್ಬತ್ತೀನಿ. ಮೂರು ದಿನ."

"ಕೆಟ್ಟಿಲ್ವಲ್ಲೋ?"

"ಕೆಡಕ್ ಮುಂಚೆ ಕೊಟ್ರೆ ವಾಸಿ" ಎಂದ. ಮಾಜಿ ಸದಸ್ಯನಿಗೆ ಉತ್ತರಕ್ಕೆ ಯಾವತ್ತೂ ಬರವಿರಲಿಲ್ಲ.

ಆಂಟೆನಾಗಳನ್ನು ಕಳಚಿ ಹುಲ್ಲಿನ ಮೆದೆಗೆ ತುರುಕಿದರು. ಬಿದಿರುಗಳನ್ನು ಇಳಿಸಲು ಹೊತ್ತು ಸಾಲಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು.

ಇಳಿದವಳು ರಮ್ಯಾ. ಇಪ್ಪತ್ತೊಂದು ವರ್ಷದ ಹುಡುಗಿ, ಹೆಗಲಿಗೆ ಬಟ್ಟೆಚೀಲ, ಕೈಯಲ್ಲಿ ಫಾರಮ್ಮಿನ ಕಟ್ಟು. ಆ ಕಟ್ಟನ್ನು ನೋಡಿಯೇ ಊರಿನ ಮುಖ ಬಿಗಿಯಿತು. ಇಳಿದವಳು ಮೊದಲು ಎದುರಾದ ಮನುಷ್ಯನನ್ನೇ ಕೇಳಿದಳು.

"ನಮಸ್ಕಾರ. ಇಲ್ಲಿ ಲಿಂಗರಾಜು ಅಂತ, ಮಾಜಿ ಸದಸ್ಯರು, ಅವರ ಮನೆ ಯಾವುದು?"

ಎದುರಿಗಿದ್ದವನು ಲಿಂಗರಾಜುವೇ. ತನ್ನ ಹೆಸರು ಆಕೆಯ ಬಾಯಲ್ಲಿ ಬಂದದ್ದೇ ಅವನು ಒಂದು ಹೆಜ್ಜೆ ಹಿಂದೆ ಸರಿದ. ಸ್ಕೂಟರು ನೆನಪಾಯಿತು.

"ಯಾತಕ್ಕವ್ವ ಅವ್ರು?"

"ನಾನು ಎರಡು ತಿಂಗಳಿಂದ ಟೀವಿ ಕೇಂದ್ರದಲ್ಲಿ ಕೆಲಸ ಕಲೀತಿದೀನಿ. ನೋಡುಗರ ಕಾಗದ ಒಡೆದು ಓದೋದೇ ನನ್ನ ಕೆಲಸ. ಮೂಟೆಗಟ್ಟಲೆ ಬರತ್ತೆ, ಎಲ್ಲ ಒಂದೇ ಥರ. ಇವರ ಕಾಗದ ಮಾತ್ರ ಬೇರೆ. 'ವಾರ್ತೆ ಓದುವ ಮಗು ಈ ತಿಂಗಳು ಸೊರಗಿದೆ, ಯಾರೂ ಊಟ ಕೇಳುತ್ತಿಲ್ಲವೇ?' ಅಂತ ಒಂದ್ಸಲ ಬರೆದಿದ್ರು. ವಾರ್ತೆ ಓದೋ ಮೇಡಂ ಆ ಕಾರ್ಡನ್ನ ತಮ್ಮ ಮೇಜಿನ ಗಾಜಿನ ಕೆಳಗೆ ಇಟ್ಕೊಂಡಿದಾರೆ. ಇಂಥ ಕಾಗದ ಬರೆಯೋ ಊರು ಹೇಗಿರತ್ತೆ ಅಂತ ನೋಡೋದೇ ನನ್ನ ಪ್ರಾಜೆಕ್ಟು."

ಅವ್ವನ ಮಾತು. ಅವ್ವನ ಕಾರ್ಡು ಬೆಂಗಳೂರಿನಲ್ಲಿ, ಗಾಜಿನ ಕೆಳಗೆ. ಬಾಯಿಬಿಟ್ಟು ನಾನೇ ಲಿಂಗರಾಜು ಎನ್ನಲು ಅವನಿಗೆ ಒಂದು ಗಳಿಗೆ ಸಾಕಾಗಿತ್ತು. ಆದರೆ ಹಿಂದೆ ಗುರುಸ್ವಾಮಿ ಕೆಮ್ಮಿದ. ಆ ಕೆಮ್ಮಿನಲ್ಲಿ ಹನ್ನೊಂದು ಕಾರ್ಡು ಇದ್ದವು.

"ಅವ್ರು ತೀರ್ಕೊಂಡ್ರು" ಎಂದುಬಿಟ್ಟ ಲಿಂಗರಾಜು.

ಹುಡುಗಿಯ ಕೈಯಿಂದ ಫಾರಂ ಜಾರಿತು. "ಯಾವಾಗ? ಹೋದ ವಾರವೂ ಕಾರ್ಡು ಬಂದಿತ್ತಲ್ಲ?"

"ಅದನ್ನ ಬರ್ದು ಡಬ್ಬಕ್ಕೆ ಹಾಕ್ದೋರೇ... ಅಂಗೇ..." ಮುಂದೆ ಹೊಳೆಯದೆ ಕೈಯನ್ನು ಆಕಾಶಕ್ಕೆ ಎತ್ತಿದ.

"ನೀವು?"

"ತಮ್ಮ. ಸೋಮಯ್ಯ ಅಂತ."

ನೋಡಿ, ಒಂದು ಟೀವಿಯನ್ನು ಮುಚ್ಚಿಡಲು ಒಬ್ಬ ಗಂಡಸು ತನ್ನನ್ನೇ ಕೊಂದುಕೊಂಡ. ಸುತ್ತ ನಿಂತವರು ಸುಮ್ಮನಿದ್ದರೆ ಚೆನ್ನಾಗಿತ್ತು. ಆದರೆ ಬಾಯಿ ಇರುವುದು ಯಾತಕ್ಕೆ? ಕೆಂಪಾಜಮ್ಮ ಎಂಬ ವಿಧವೆ, ರಮ್ಯಾಳಿಗೆ ಕೋಣೆ ಕೊಡಲು ಒಪ್ಪಿದ್ದವಳು, ಮೂಗೊರೆಸಿಕೊಂಡು, "ಚಿನ್ನದಂತಾ ಮನ್ಸ ಕಣವ್ವ. ಇದ್ದಾಗ ಯಾರ್ಗೂ ಗೊತ್ತಾಗ್ನಿಲ್ಲ" ಎಂದಳು. ಬದುಕಿದ್ದಾಗ ಅವಳು ಅವನ ಬಗ್ಗೆ ಇಷ್ಟು ಒಳ್ಳೆಯ ಮಾತು ಆಡಿದ್ದನ್ನು ಲಿಂಗರಾಜು ಕೇಳಿರಲಿಲ್ಲ. ಮನಸ್ಸಿಗೆ ಸ್ವಲ್ಪ ಹಿತವೂ ಆಯಿತು.

ಅಷ್ಟರಲ್ಲಿ ಬೀದಿಯಾಚೆ ಲಿಂಗರಾಜುವಿನ ಮನೆಯೊಳಗಿಂದ ಅವ್ವನ ಕೂಗು: "ಲಿಂಗಾ! ಯಾರ್ಲಾ ಬಂದಿರೋರು? ಟೀವಿ ಬಂತೇನ್ಲಾ?"

ರಮ್ಯಾ ತಿರುಗಿ ನೋಡಿದಳು.

"ನಮ್ಮವ್ವ" ಎಂದ ಹೊಸ ಸೋಮಯ್ಯ. "ಅಣ್ಣ ಸತ್ತದ್ದು ಅದುಕ್ಕೆ ಯೋಳಿಲ್ಲ ಕಣವ್ವ. ಜೀವ ತಡೀದು. ನನ್ನೇ ಲಿಂಗ ಅಂತ ಕೂಗ್ತದೆ. ಟೀವಿ ಅನ್ನದು ಒಂದು ಹುಚ್ಚು. ಎಂದೋ ಭೇರ್ಯದಲ್ಲಿ ಮಗಳ ಮನೇಲಿ ನೋಡಿತ್ತು. ಈ ಊರಲ್ಲಿ ಯಾರ್ ಮನೇಲಿದ್ದದು?"

ರಮ್ಯಾಳ ಕಣ್ಣಲ್ಲಿ ನೀರು ನಿಂತಿತು.

"ಮತ್ತೆ ಕಾಗದ ಬರೆದಿದ್ದು ಹೇಗೆ?"

"ನಡ್ಕಂಡ್ ಓಗಿ ಅಂತರಸಂತೇಲಿ ನೋಡ್ಕಂಡ್ ಬಂದು ಬರೀತಿದ್ರು. ವಾರಕ್ಕೆ ಆರು ಮೈಲಿ. ಅದೇ ನಡ್ದು ನಡ್ದೇ..." ಎಂದು ಮತ್ತೆ ಆಕಾಶ ತೋರಿಸಿದ. ರಮ್ಯಾ ಅಲ್ಲೇ ನಿಂತು ಅದನ್ನೆಲ್ಲ ಬರೆದುಕೊಂಡಳು.

ಮನೆಗೆ ಹೋದಾಗ ಪ್ರಮೀಳಾ ಒನಕೆ ಹಿಡಿದು ನಿಂತಿದ್ದಳು. "ನಿನ್ ಕಾರ್ಡಿಗೆ ನಾನ್ ಮುಂಡೆ ಆಗ್ಬೇಕಾ? ಆ ಫಾರಂ ಹುಡ್ಗಿ ಬಂದು ಅತ್ಗೆ ಎಲ್ಲಿ ಅಂದ್ರೆ ಏನನ್ಲಿ? ತಾಳಿ ಎಲ್ ಮಡಗ್ಲಿ? ಅದ್ನೂ ಹಗೇವ್ಗೆ ಇಳ್ಸೀಯಾ?"

"ನೀನು ಸೋಮಯ್ಯನ್ ಹೆಂಡ್ತಿ ಅನ್ಕೋ. ಮೂರು ವಾರ."

"ಆ ಸೋಮಯ್ಯ ನಿನ್ಗಿಂತ ಉತ್ತಮನಾದ್ರೆ ಅಲ್ಲೇ ಉಳ್ಕತೀನಿ ಬುಡು" ಎಂದು ಒಳಗೆ ಹೋದಳು.

ಮನೆಮನೆಯ ಪರೀಕ್ಷೆ ನಡೆಯಿತು. ರಮ್ಯಾಳ ಫಾರಮ್ಮಿನಲ್ಲಿ ನಲವತ್ತೆರಡು ಪ್ರಶ್ನೆ. ಮೊದಲನೆಯದು: ಟೀವಿ ಇದೆಯೇ? ಅಲ್ಲಿಗೇ ಮುಗಿಯುತ್ತಿತ್ತು. ಗುರುಸ್ವಾಮಿ ಒಂದು ಹೆಜ್ಜೆ ಮುಂದೆ ಹೋಗಿ, "ಟೀವಿ ಅಂದ್ರೆ ಎಂಗಿರ್ತದವ್ವ? ಮಾತಾಡ್ತದಂತೆ, ನಿಜವಾ?" ಎಂದ. ಹೆಂಚಿನ ಮೇಲೆ ಬಿದಿರು ಯಾಕೆ ಎಂದು ಕೇಳಿದಾಗ, "ಕೋತಿಗೆ" ಎಂದ. ಕೋತಿ ಓಡಿಸಲೋ ಕೂರಿಸಲೋ ಎಂದು ಆಕೆ ಕೇಳಲಿಲ್ಲ. ಐವತ್ತು ಜನ ನೋಡುಗರ ಉತ್ತರ ತಾರದಿದ್ದರೆ ಪ್ರಾಜೆಕ್ಟು ತಿರಸ್ಕಾರ ಎಂದು ಅವಳ ಮೇಷ್ಟ್ರು ಹೇಳಿಕಳಿಸಿದ್ದರು. ಮೂರನೇ ದಿನಕ್ಕೆ ಹುಡುಗಿ ಕೆಂಪಾಜಮ್ಮನ ಹಿತ್ತಿಲಲ್ಲಿ ಕೂತು ಅತ್ತಳು.

ಲಿಂಗರಾಜು ಸಮಾಧಾನ ಹೇಳಲು ಬಂದು ನಿಂತಿದ್ದಾಗ ಮಹೇಶ್‌ಕುಮಾರ್ ಬೈಕಿನಲ್ಲಿ ಬಂದ. "ಏನ್ ಲಿಂಗರಾಜಣ್ಣ, ಮೇಡಂಗೆ ಅನುಕೂಲ ಮಾಡ್ಕೊಟ್ಯಾ?"

ರಮ್ಯಾ ತಲೆ ಎತ್ತಿದಳು. ಲಿಂಗರಾಜು ಸೆಕ್ರೆಟರಿಯನ್ನು ತಬ್ಬಿಕೊಂಡು, "ಅಣ್ಣನ್ನ ನೆನೀತಾವ್ರೆ ಕಣವ್ವ! ಸಾಹೇಬ್ರೂ ಅಣ್ಣಾವ್ರೂ ಒಂದೇ ತಟ್ಟೇಲಿ ಉಂಡೋರು" ಎಂದು ಅವನ ಕಿವಿಯಲ್ಲಿ ಏನೋ ಗೊಣಗಿದ. ಸರ್ಕಾರಿ ನೌಕರ, ಬುದ್ಧಿವಂತ. ಪೂರ್ತಿ ಅರ್ಥವಾಗದಿದ್ದರೂ ಅಪಾಯದ ವಾಸನೆ ಹಿಡಿದು, "ಒಳ್ಳೇ ಮನುಷ್ಯ, ಪಾಪ" ಎಂದು ಬೈಕು ತಿರುಗಿಸಿದ.

ದಿನ ಕಳೆದಂತೆ ರಮ್ಯಾ ಫಾರಂ ಬಿಟ್ಟು ಮುದುಕಿಯ ಮಂಚದ ಪಕ್ಕ ಕೂರುವುದು ಹೆಚ್ಚಾಯಿತು. ಚಿಕ್ಕಮಾದಮ್ಮ ಖಾಲಿ ಗೂಡನ್ನೇ ನೋಡುತ್ತ ಮಲಗಿರುತ್ತಿದ್ದಳು. ಸಂಜೆ ಕಳೆದರೂ ವಾರ್ತೆಯ ಮಗು ಬರುತ್ತಿರಲಿಲ್ಲ, ನಮಸ್ಕಾರ ಹೇಳುತ್ತಿರಲಿಲ್ಲ. ಆದ್ದರಿಂದ ಇವಳು ಉಣ್ಣುತ್ತಿರಲಿಲ್ಲ. ಮೊದಲು ಮುದ್ದೆ ನಿಂತಿತು, ಆಮೇಲೆ ಗಂಜಿ. "ಇನ್ನೂ ಬಂದಿಲ್ವಲ್ಲೋ, ಎಂಗ್ ಉಣ್ಲಿ?" ಎನ್ನುವಳು. ಎಂಟನೇ ದಿನ ಪ್ರಮೀಳಾ ಗಂಡನಿಗೆ ನೇರ ಹೇಳಿದಳು: "ಟೀವಿ ತಂದ್ ಮಡಗು. ಇಲ್ದಿದ್ರೆ ಅತ್ತೆ ಉಳಿಯಕ್ಕಿಲ್ಲ."

ಲಿಂಗರಾಜು ಹಗೇವಿನ ತನಕ ಹೋದ. ಅದಿರುವುದು ಕೆಂಪಾಜಮ್ಮನ ಮನೆಯ ಎದುರಿಗೇ. ರಮ್ಯಾ ಜಗಲಿಯಲ್ಲಿ ಕೂತು ಬರೆಯುತ್ತಿದ್ದಳು. ಪಕ್ಕದಲ್ಲಿ ಗುರುಸ್ವಾಮಿ ಕಾವಲು ನಿಂತಂತೆ ನಿಂತಿದ್ದ.

"ಇನ್ನೆಷ್ಟ್ ದಿನ ಮೆಂಬ್ರೇ? ತಡ್ಕೊ. ನಿಮ್ಮವ್ವ ಒಬ್ಳಿಗೇನಾ ಕಷ್ಟ? ನನ್ ಹೆಂಡ್ತೀನೂ ಧಾರಾವಾಹಿ ಇಲ್ದೆ ನನ್ನೇ ಬಯ್ಯದು ಕಲ್ತವ್ಳೆ."

ಲಿಂಗರಾಜು ವಾಪಸು ಬಂದ. ಆವತ್ತೇ ಜಿಟಿಜಿಟಿ ಮಳೆ ಹಿಡಿಯಿತು.

ಆ ವಾರವೇ ರಮ್ಯಾ ಬೆಂಗಳೂರಿಗೆ ಒಂದು ಕಾಗದ ಬರೆದಳು. ಅದರಲ್ಲಿ ತಪ್ಪು ಒಂದಕ್ಷರವೂ ಇರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಬರೆದಿದ್ದಳು. ಗುರುವಾರ ಸಂಜೆ ಆ ಕಾಗದವನ್ನು ಟೀವಿಯಲ್ಲಿ ಓದಿದರು. ವಾರಕ್ಕೆ ಆರು ಮೈಲಿ ನಡೆದು ಕಾರ್ಯಕ್ರಮ ನೋಡಿ ಕಾಗದ ಬರೆಯುತ್ತಿದ್ದ ತೊರೆಹುಂಡಿಯ ಲಿಂಗರಾಜು ಇನ್ನಿಲ್ಲ ಎಂದರು. ಒಂದು ನಿಮಿಷ ವೀಣೆಯನ್ನೂ ಬಾರಿಸಿದರು.

ಶುಕ್ರವಾರ ಹತ್ತು ಗಂಟೆಯ ಬಸ್ಸಿನಿಂದ ಲಿಂಗರಾಜುವಿನ ತಂಗಿ ಸುಂದ್ರಮ್ಮ ಇಳಿದಳು. ಇಳಿಯುವ ಮೊದಲೇ ಎದೆ ಬಡಿದುಕೊಂಡಿದ್ದಳು. ಭೇರ್ಯದಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಹಿಂದೆ ಅವಳ ಗಂಡ ವೀರಭದ್ರಸ್ವಾಮಿ, ಕೈಯಲ್ಲಿ ಸೇವಂತಿಗೆ ಹಾರ.

"ಅಣ್ಣಾ! ನನ್ ಲಿಂಗಣ್ಣಾ! ನಂಗೊಂದ್ ಮಾತ್ ಯೋಳ್ನಿಲ್ವಲ್ಲೋ! ಟೀವೀಲಿ ನೋಡಿ ತಿಳೀಬೇಕಾಯ್ತಲ್ಲೋ!"

ಬೀದಿಯುದ್ದಕ್ಕೂ ಅಳುತ್ತ ಬಂದವಳಿಗೆ ಬಾಗಿಲಲ್ಲಿ ಸಿಕ್ಕವನು ಸತ್ತವನೇ. ಹಲ್ಲುಜ್ಜುತ್ತಿದ್ದ. ಸುಂದ್ರಮ್ಮ ಕಿರುಚಿ ಹಿಂದಕ್ಕೆ ಬಿದ್ದಳು. ವೀರಭದ್ರಸ್ವಾಮಿ ಹಾರವನ್ನು ಮುಂದಕ್ಕೆ ಹಿಡಿದವನು ಹಾಗೇ ನಿಂತ. ಹಾಕಬೇಕೋ ಹಿಂದಕ್ಕೆ ಕೊಂಡೊಯ್ಯಬೇಕೋ ತಿಳಿಯದೆ ಬಾಗಿಲ ಮೊಳೆಗೆ ನೇತುಹಾಕಿದ.

"ಭಾವ, ನೀವು ಸತ್ತಿಲ್ವಾ?"

"ಮೆತ್ತಗೆ ಮಾತಾಡ್ರಿ! ನಾನು ಸೋಮಯ್ಯ."

"ಯಾವ್ ಸೋಮಯ್ಯ?"

ಕೂಗಾಟಕ್ಕೆ ಊರು ಸೇರಿತು. ರಮ್ಯಾ ಓಡಿಬಂದಳು. ಸುಂದ್ರಮ್ಮ ಎದ್ದು, ಅಣ್ಣನ ಕೆನ್ನೆ ಮುಟ್ಟಿ ನೋಡಿ, ಬದುಕಿದ್ದಾನೆಂದು ಖಾತ್ರಿಯಾದ ಮೇಲೆ ಅದೇ ಕೆನ್ನೆಗೆ ಬಾರಿಸಿದಳು. "ಬದ್ಕವ್ನಲ್ಲ ಇವ್ನು! ಭೇರ್ಯವೆಲ್ಲ ನಮ್ಮನೆ ಮುಂದೆ ಬಂದು ಅತ್ತೋಯ್ತಲ್ಲೋ, ಮನೆಹಾಳ!"

ಆ ಏಟಿನಲ್ಲಿ ಎಲ್ಲವೂ ಹೊರಗೆ ಬಂತು. ಸೋಮಯ್ಯ, ಸ್ಕೂಟರು, ಕಾರ್ಡು, ಹಗೇವು. ರಮ್ಯಾ ಕೇಳುತ್ತ ನಿಂತಳು.

"ನಾನು ಯಾವ ಕಾರ್ಡಿಗೂ ಬಂದವಳಲ್ಲ. ಕಾಗದ ಬರೆದವರನ್ನ ನೋಡಕ್ಕೆ ಬಂದೆ, ಅಷ್ಟೇ. ಮೊದಲನೇ ದಿನವೇ ಹೇಳಿದ್ನಲ್ಲ?"

ಹೇಳಿದ್ದಳು, ನಿಜ. ಆದರೆ ಫಾರಂ ಹಿಡಿದವರ ಮಾತನ್ನು ತೊರೆಹುಂಡಿ ಯಾವತ್ತು ನಂಬಿತ್ತು?

ಒಳಗಿಂದ ಒಂದು ಸಣ್ಣ ಸದ್ದು ಬಂತು. ಈ ಗಲಾಟೆಯಲ್ಲಿ ಎಲ್ಲರೂ ಮರೆತಿದ್ದವಳು ಒಬ್ಬಳಿದ್ದಳು. ಬಾಗಿಲು ತೆರೆದೇ ಇತ್ತು. ಮಗಳು ಬೀದಿಯಲ್ಲಿ ಅತ್ತದ್ದನ್ನೆಲ್ಲ ಚಿಕ್ಕಮಾದಮ್ಮ ಕೇಳಿಸಿಕೊಂಡಿದ್ದಳು.

ಲಿಂಗರಾಜು ಒಳಗೆ ಓಡಿ ಮಂಚದ ಪಕ್ಕ ಕುಕ್ಕರಿಸಿದ. "ಅವ್ವ, ನಾನಿವ್ನಿ ಕಣವ್ವ. ನೋಡು."

ಮುದುಕಿ ಅವನ ಮುಖವನ್ನು ನೋಡಿದಳು. ಹನ್ನೆರಡು ದಿನದ ಉಪವಾಸದಲ್ಲಿ ಕಣ್ಣು ಒಳಗೆ ಹೋಗಿದ್ದವು.

"ನೀನ್ಯಾರಪ್ಪ? ಆ ಸೋಮಯ್ಯನಾ?"

"ನಾನು ಲಿಂಗ ಕಣವ್ವ!"

"ಲಿಂಗ ಸತ್ತೋದ. ಟೀವೀಲಿ ಯೋಳವ್ರೆ."

"ಅದು ಸುಳ್ಳು ಅವ್ವ!"

"ಅಲ್ಲಿರೋರು ಸುಳ್ಳು ಯೋಳಾರಾ?" ಎಂದು ತಲೆ ಆಚೆ ತಿರುಗಿಸಿದಳು. "ಆ ವಾರ್ತೆ ಮಗ ಬಂದು ಲಿಂಗ ಅವ್ನೆ ಅಂದ್ರೆ ನಂಬೇನು. ನೀ ಯೋಳಿದ್ರೆ ಎಂಗ್ ನಂಬ್ಲಿ?"

ಲಿಂಗರಾಜು ಎದ್ದ. ಹಾರೆ ತೆಗೆದುಕೊಂಡು ಹಗೇವಿನ ಕಡೆ ಓಡಿದ. ಈ ಸಲ ಯಾವ ಗುರುಸ್ವಾಮಿಯೂ ಕೆಮ್ಮಲಿಲ್ಲ. ಮೆತ್ತಿದ ಮಣ್ಣು ಮಳೆಗೆ ಅಂಬಲಿಯಾಗಿತ್ತು. ಚಪ್ಪಡಿ ಎತ್ತಿ ಲಾಟೀನು ಇಳಿಸಿದರು. ಎರಡಾಳುದ್ದ ಇಳಿಯುವಷ್ಟರಲ್ಲಿ ದೀಪ ಆರಿತು. ಮತ್ತೆ ಹಚ್ಚಿ ಇಳಿಸಿದರು, ಮತ್ತೆ ಆರಿತು. ಇಳಿಯಲು ಹೊರಟ ಲಿಂಗರಾಜುವನ್ನು ನಾಲ್ಕು ಜನ ಹಿಡಿದುಕೊಂಡರು.

"ಒಂದೇ ಮನೇಲಿ ಎರಡು ಸಾವಾದಾವು, ಸುಮ್ಕಿರ್ಲಾ!" ಎಂದು ಗುರುಸ್ವಾಮಿ ಗದರಿದ. ಅವನೇ ಓಡಿಹೋಗಿ ಬಾವಿಗೆ ಬಿದ್ದ ಬಿಂದಿಗೆ ತೆಗೆಯುವ ಪಾತಾಳಗರಡಿ ತಂದ. ಕತ್ತಲೊಳಗೆ ಕೊಕ್ಕೆ ಬಿಟ್ಟು ಟೀವಿ ಹಿಡಿಯತೊಡಗಿದರು. ಮೊದಲು ಸಿಕ್ಕಿದ್ದು ಗುರುಸ್ವಾಮಿಯದೇ. ಬಾಯಿಯವರೆಗೆ ಬಂದು, ಕೌದಿ ಹರಿದು, ಕಳಚಿಕೊಂಡು ತಳ ಸೇರಿತು. ಗಾಜು ಒಡೆದ ಸದ್ದು ಬಂತು. ಗುರುಸ್ವಾಮಿ ಕೊಕ್ಕೆಯನ್ನು ಮತ್ತೆ ಬಿಟ್ಟ. ಆ ಮನುಷ್ಯನ ಬಗ್ಗೆ ನಾನು ಮೊದಲು ಮನಸ್ಸಿನಲ್ಲಿ ಅಂದುಕೊಂಡದ್ದೆಲ್ಲವನ್ನೂ ಇಲ್ಲಿ ವಾಪಸು ತೆಗೆದುಕೊಳ್ಳುತ್ತೇನೆ.

ನಾಲ್ಕನೆಯದು ಲಿಂಗರಾಜುವಿನದು. ಮನೆಗೆ ತಂದು ಗೂಡಿನಲ್ಲಿಟ್ಟು ಬಗ್ಗಿಸಿದರೆ ಒಳಗಿಂದ ಕೆಂಪು ನೀರು ಸುರಿಯಿತು. ಸ್ವಿಚ್ಚು ತಿರುಗಿಸಿದರೆ ಸುಟ್ಟ ವಾಸನೆ ಬಂತು, ಬೇರೇನೂ ಬರಲಿಲ್ಲ. ಮುದುಕಿಯ ಉಸಿರು ಮೇಲೆ ಮೇಲೆ ಆಡುತ್ತಿತ್ತು. ಕಣ್ಣು ಗೂಡಿನ ಮೇಲೇ ಇತ್ತು.

ಆಗ ರಮ್ಯಾ ಟೀವಿಯನ್ನು ಗೂಡಿನಿಂದ ಇಳಿಸಿದಳು. ಕಿಟಕಿ ಮುಚ್ಚಿಸಿದಳು. ಸ್ಟೂಲು ಎಳೆದುಕೊಂಡು ಗೂಡಿಗೆ ಬೆನ್ನು ಕೊಟ್ಟು, ಮುಖ ಸರಿಯಾಗಿ ಗೂಡಿನ ಚೌಕಟ್ಟಿನೊಳಗೆ ಬರುವ ಹಾಗೆ ಕೂತಳು. ಸೆರಗಿಲ್ಲದ ಹುಡುಗಿ ದುಪಟ್ಟಾವನ್ನೇ ಸೆರಗಿನಂತೆ ಹೊದ್ದಳು. ಬೆಂಗಳೂರಿನಲ್ಲಿ ಎರಡು ತಿಂಗಳು ಸ್ಟುಡಿಯೋದ ಗಾಜಿನ ಆಚೆ ನಿಂತು ನೋಡಿದ್ದನ್ನು ಹಾಗೇ ಮಾಡಿದಳು.

"ನಮಸ್ಕಾರ. ವಾರ್ತೆಗಳು. ನಿನ್ನೆಯ ಕಾರ್ಯಕ್ರಮದಲ್ಲಿ ಹೇಳಿದ ಒಂದು ಸುದ್ದಿ ತಪ್ಪಾಗಿದೆ. ತೊರೆಹುಂಡಿಯ ಲಿಂಗರಾಜು ಅವರು ಬದುಕಿದ್ದಾರೆ..."

ಚಿಕ್ಕಮಾದಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಎಷ್ಟೋ ಹೊತ್ತು ನೋಡಿದಳು.

"ಗೆರೆ ಬತ್ತಾವೆ" ಎಂದಳು. "ಏನೂ ಕಾಣಕ್ಕಿಲ್ಲ. ಯಾರಾದ್ರೂ ತಿರುಗ್ಸಿ... ಲಿಂಗನೂ ಇಲ್ಲ."

ಲಿಂಗರಾಜು ಆಗಲೇ ಹೊರಗಿದ್ದ. ಏಣಿ ತರಲು ಕಾಯಲಿಲ್ಲ. ಗೋಡೆ ಹಿಡಿದು ಹತ್ತಿದ. ಒದ್ದೆ ಹೆಂಚು ಕಾಲಡಿಯಲ್ಲಿ ಪಟಪಟನೆ ಮುರಿದವು. ಮೇಲೆ ಆಂಟೆನಾ ಎಲ್ಲಿತ್ತು? ಬರೀ ಬಿದಿರು. ಅದನ್ನೇ ಎರಡೂ ಕೈಯಲ್ಲಿ ತಬ್ಬಿ ತಿರುಗಿಸಿದ.

"ಬಂತಾ ಅವ್ವಾ?"

ಅಂಗಳದಲ್ಲಿ ಊರೆಲ್ಲ ನಿಂತಿತ್ತು. ಯಾರೂ ನಗಲಿಲ್ಲ.

"ಇಲ್ಲ ಕಣ್ಲಾ" ಎಂದಿತು ಒಳಗಿನ ದನಿ.

"ಈಗ?"

"ಇನ್ನೊಸಿ."

"ಈಗ, ಅವ್ವಾ?"

"ಬಂತು ಬುಡು."

ಮುರಿದ ಹೆಂಚಿನ ಸಂದಿಯಿಂದ ಒಳಗಿನ ಮಾತು ಮೇಲಕ್ಕೆ ಕೇಳುತ್ತಿತ್ತು. ಅವ್ವ ಗೂಡಿನಲ್ಲಿದ್ದ ಹುಡುಗಿಗೆ ಮೆಲ್ಲಗೆ ಹೇಳುತ್ತಿದ್ದಳು. "ಲಿಂಗ ಮೇಲವ್ನೆ ಕಣವ್ವ. ಸತ್ತೋನು ಬಂದು ತಿರುಗ್ಸಾನಾ? ನೀ ಯೋಳಿದ್ದು ದಿಟ. ಸರಿ, ವೊತ್ತಾಯ್ತು. ಓಗ್ಬಾ. ಉಂಡು ಮನಿಕೊ."

ಆಮೇಲೆ ಏನೂ ಕೇಳಿಸಲಿಲ್ಲ. "ಸರ್ಯಾಗ್ ಕಾಣ್ತಾ ಅವ್ವಾ?" ಎಂದ ಲಿಂಗರಾಜು. "ಅವ್ವಾ, ಬುಡ್ಲಾ?"

ಕೆಳಗೆ ಬಾಗಿಲಿಗೆ ಪ್ರಮೀಳಾ ಬಂದು ನಿಂತಳು. ಮೇಲೆ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸುಂದ್ರಮ್ಮ ಅಳಲು ಹೋದಳು. ಬೆಳಿಗ್ಗೆಯೇ ಅತ್ತು ಮುಗಿಸಿದ್ದರಿಂದ ಗಂಟಲಲ್ಲಿ ದನಿ ಹೊರಡಲಿಲ್ಲ. ವೀರಭದ್ರಸ್ವಾಮಿ ಮೊಳೆಯಲ್ಲಿದ್ದ ಸೇವಂತಿಗೆ ಹಾರವನ್ನು ತೆಗೆದುಕೊಂಡು, ತಲೆ ತಗ್ಗಿಸಿ ಒಳಗೆ ಹೋದ.

ಲಿಂಗರಾಜು ಅದನ್ನು ಮೇಲಿಂದ ನೋಡಿದ. ಆದರೂ ಬಿದಿರಿನಿಂದ ಕೈ ತೆಗೆಯಲಿಲ್ಲ. ಬಿಟ್ಟರೆ ಮತ್ತೆ ಗೆರೆ ಬರುತ್ತವೆ ಎಂಬುದು ಅವನಿಗೆ ಗೊತ್ತಿತ್ತು.